ನಾನೇ ಬರೆದ ಹನ್ನೊಂದು ಮೆಚ್ಚುಗೆ

ಮಾರ್ಚ್ 3, ಸೋಮವಾರ

ಇಪ್ಪತ್ತಾರು ವರ್ಷ ನೂಲಿನ ಗಿರಣಿಯ ಗೇಟಿನಲ್ಲಿ ನಿಂತು, ಹೊರಗೆ ಹೋಗುವವರ ಚೀಲ ತಡಕಿದವನು ನಾನು. ಯಾರ ಹೊಟ್ಟೆ ಊಟ ಮಾಡಿ ಉಬ್ಬಿದೆ, ಯಾರದು ನೂಲು ಸುತ್ತಿಕೊಂಡು ಉಬ್ಬಿದೆ ಎಂದು ಹತ್ತು ಹೆಜ್ಜೆ ದೂರದಿಂದಲೇ ಹೇಳುತ್ತಿದ್ದೆ. ಜನವರಿಯಲ್ಲಿ ನನ್ನ ಜಾಗಕ್ಕೆ ಒಂದು ಯಂತ್ರ ಬಂತು. ಅದರೊಳಗಿಂದ ನಡೆದುಹೋದರೆ ಸಾಕು, ಕಳ್ಳನಾದರೆ ಕುಂಯ್ ಎನ್ನುತ್ತದಂತೆ. ಎನ್ನಲಿ, ನೋಡೋಣ ಎಷ್ಟು ದಿನ ಎನ್ನುತ್ತದೆ.

ಈಗ ಮನೆಯಲ್ಲಿದ್ದೇನೆ. ಮುಂದಿನ ಕೋಣೆಯಲ್ಲಿ ಹೆಂಡತಿ ಚಪ್ಪಲಿ ಹೊಲಿಯುತ್ತಾಳೆ. ಮಾಮೂಲಿ ಚಪ್ಪಲಿಯಲ್ಲ. ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ ಕಾಲು, ಬೆರಳು ಹೋದ ಕಾಲು, ಒಂದು ಗಿಡ್ಡ ಒಂದು ಉದ್ದ ಇರುವ ಕಾಲು, ಇಂಥವಕ್ಕೆ. ಆಸ್ಪತ್ರೆಯ ಚಪ್ಪಲಿ ವಿಭಾಗದಲ್ಲಿ ಹದಿನಾರು ವರ್ಷ ಇದೇ ಕೆಲಸ ಮಾಡಿದವಳು. ಆ ವಿಭಾಗ ಮುಚ್ಚಿತು. ಅವರಿವರು ಹೇಳಿ ಕೇಳಿ ತಿಂಗಳಿಗೆ ನಾಲ್ಕೈದು ಜನ ಮನೆಗೇ ಬರುತ್ತಾರೆ. ಹೀಗೇ ಆದರೆ ಜೂನ್‌ನಿಂದ ಊರಾಚೆಯ ಫ್ಯಾಕ್ಟರಿಯಲ್ಲಿ ಅಟ್ಟೆ ಅಂಟಿಸಲು ಹೋಗುತ್ತೇನೆ ಎನ್ನುತ್ತಾಳೆ. ಆ ಅಂಟಿನ ಗಾಳಿ ಅವಳ ಎದೆಗೆ ಆಗುವುದಿಲ್ಲ, ಒಂದು ಸಲ ಹೋಗಿ ಮೂರು ದಿನ ಕೆಮ್ಮಿದ್ದನ್ನು ನಾನೇ ನೋಡಿದ್ದೇನೆ. ಅದಕ್ಕೇ ತೀರ್ಮಾನ ಮಾಡಿದೆ. ಅವಳ ಚಪ್ಪಲಿಯನ್ನು ಇಂಟರ್‌ನೆಟ್‌ನಲ್ಲಿ ಮಾರುವವನು ನಾನು.

ಒಂದು ಆನ್‌ಲೈನ್ ಕ್ಲಾಸಿಗೆ ಸೇರಿದ್ದೇನೆ, ಪುಕ್ಕಟೆ. ಕಲಿಸುವವನ ಮುಖದಲ್ಲಿ ಹಲ್ಲು ಬಿಟ್ಟು ಬೇರೇನೂ ಕಾಣುವುದಿಲ್ಲ. ಹಲ್ಲಪ್ಪ ಎಂದು ಹೆಸರಿಟ್ಟೆ. ಪುಕ್ಕಟೆ ಪಾಠ ಹೇಳುವವನಿಗೆ ಏನೋ ಲಾಭ ಇರಲೇಬೇಕು. ಅದೇನೆಂದು ಪತ್ತೆ ಮಾಡಿಯೇ ತೀರುತ್ತೇನೆ, ಅಲ್ಲಿಯವರೆಗೆ ಪಾಠ ಕಲಿಯುತ್ತೇನೆ.

ಮಾರ್ಚ್ 7, ಶುಕ್ರವಾರ

ಪೇಜ್ ತೆರೆದೆ. ಹೆಂಡತಿ ಒಂದೇ ಷರತ್ತು ಹಾಕಿದಳು. "ಬರೀ ನಂಬರ್ ಹೇಳಿದ್ರೆ ನಾನು ಚರ್ಮ ಕತ್ತರಿಸೋದಿಲ್ಲ ಕಣ್ರೀ. ಕಾಲನ್ನ ಕಾಗದದ ಮೇಲೆ ಊರಿ, ಸುತ್ತ ಗೆರೆ ಎಳೆದು, ಎಲ್ಲಿ ನೋವು ಅಂತ ಗುರುತು ಹಾಕಿ ಅಂಚೆಯಲ್ಲಿ ಕಳಿಸ್ಬೇಕು." ಹಾಗೇ ಬರೆದೆ.

ಮೇಲಿನ ಮನೆಯ ಗಿಡದಮ್ಮ ಟೀ ಕುಡಿಯಲು ಬಂದಿದ್ದಳು. ನಾಲ್ಕು ವರ್ಷದಿಂದ ಸಸಿ, ಬೀಜ ಎಲ್ಲ ನೆಟ್‌ನಲ್ಲೇ ಮಾರುತ್ತಾಳೆ. ಕೇಳಿದ್ದೇ ತಡ, ಉಪದೇಶ ಶುರು.

"ಅಣ್ಣಾ, ಹಗಲು ಬೆಳಕಲ್ಲಿ ಫೋಟೊ ತೆಗೀರಿ. ಹೊಸ ಚಪ್ಪಲಿ ಜೊತೆ ಒಂದು ವರ್ಷ ಸವೆದಿದ್ದನ್ನೂ ಹಾಕಿ. ಯಾರದಾದ್ರೂ ಕಾಲಿನ ಫೋಟೊ ಹಾಕೋದಾದ್ರೆ ಮೊದಲು ಅವರನ್ನ ಕೇಳಿ. ಎಲ್ಲಕ್ಕಿಂತ ಮುಖ್ಯ, ನಿಮ್ಮ ಚಪ್ಪಲಿ ಯಾರಿಗೆ ಆಗೋದಿಲ್ಲ ಅಂತ ಮೊದಲೇ ಹೇಳ್ಬಿಡಿ."

"ಯಾರಿಗೆ ಆಗೋದಿಲ್ಲ ಅಂತ ಹೇಳಿದ್ರೆ ಕೊಳ್ಳೋರು ಯಾರಮ್ಮಾ?"

"ಆಗೋರು ಕೊಳ್ತಾರೆ. ನಿಧಾನ ಆಗತ್ತೆ, ಅಷ್ಟೇ. ನನಗೆ ಮೊದಲ ಹತ್ತು ಗಿರಾಕಿ ಸಿಗೋಕೆ ಎಂಟು ತಿಂಗಳು ಬೇಕಾಯ್ತು."

ಅವಳು ಹೋದ ಮೇಲೆ ಅವಳ ಪೇಜ್ ನೋಡಿದೆ. ಯಾರೋ ಒಬ್ಬ 'ಮೂರೇ ದಿನಕ್ಕೆ ಗಿಡ ಸತ್ತೇಹೋಯ್ತು' ಎಂದು ಬರೆದಿದ್ದಾನೆ. ಅದನ್ನು ಅಳಿಸದೆ, ಕೆಳಗೆ ತಪ್ಪೊಪ್ಪಿಕೊಂಡು ಬೇರೆ ಗಿಡ ಕಳಿಸಿದ್ದಾಗಿ ಬರೆದಿದ್ದಾಳೆ. ಇಷ್ಟು ಒಳ್ಳೆಯವರು ಇರುತ್ತಾರೆಯೇ? ನನ್ನನ್ನು ಎಂಟು ತಿಂಗಳು ತೂಕಡಿಸುವಂತೆ ಮಾಡುವ ಉಪಾಯ ಇದು. ನನ್ನ ಕಿವಿಯ ಮೇಲೆ ಹೂ ಇಡಲು ಬಂದಿದ್ದಾಳೆ.

ಮಾರ್ಚ್ 15, ಶನಿವಾರ

ಪೇಜನ್ನು ಇಲ್ಲಿಯವರೆಗೆ ನೋಡಿದವರು ಒಂಬತ್ತು ಜನ. ಅದರಲ್ಲಿ ನಾಲ್ವರು ಹೆಂಡತಿಯ ಅಣ್ಣತಮ್ಮಂದಿರ ಮನೆಯವರು, ಒಬ್ಬಳು ಗಿಡದಮ್ಮ, ಮೂರು ಸಲ ನಾನು.

ಹಲ್ಲಪ್ಪ ಇವತ್ತು ಹೇಳಿದ: ಗಿರಾಕಿಗಳು ಪೇಜಿನಲ್ಲಿ ಬರೆಯುವ ಒಳ್ಳೆಯ ಮಾತು, ಆ ಮೊದಲ ಹತ್ತು ಮೆಚ್ಚುಗೆ ತಾನಾಗಿ ಬರುವುದಿಲ್ಲ, ತರಿಸಬೇಕು. ಖಾಲಿ ಹೋಟೆಲಿಗೆ ಯಾರೂ ನುಗ್ಗುವುದಿಲ್ಲ. 'ಇನ್ನು ಮೂರೇ ಜೊತೆ ಉಳಿದಿವೆ' ಎಂದು ಹಾಕಬೇಕು. ಫೋನ್ ನಂಬರುಗಳ ಪಟ್ಟಿ ಕೊಂಡು ಎಲ್ಲರಿಗೂ ಮೆಸೇಜ್ ಬಿಡಬೇಕು. ಆ ಪಟ್ಟಿಯನ್ನು ಮಾರುವವನೂ ಅವನೇ. ಆಹಾ, ಲಾಭ ಎಲ್ಲಿದೆ ಎಂದು ಈಗ ತಿಳಿಯಿತು! ಪಟ್ಟಿ ಕೊಳ್ಳಲಿಲ್ಲ. ನಾನು ಅಷ್ಟು ಸುಲಭಕ್ಕೆ ಬೀಳುವವನಲ್ಲ.

'ಮೂರೇ ಜೊತೆ' ಎಂಬುದನ್ನು ಮಾತ್ರ ಹಾಕಿದೆ. ಹೆಂಡತಿ ಓದಿ ನಕ್ಕಳು. "ಅಳತೆ ತಗೊಂಡು ಒಬ್ಬೊಬ್ಬರಿಗೆ ಹೊಲಿಯೋ ಚಪ್ಪಲಿ, ಮೂರು ಜೊತೆ ಉಳಿಯೋದು ಹೆಂಗ್ರೀ? ಯಾರ ಕಾಲಿಗೆ ಹೊಲಿದು ಉಳಿಸಿದ್ದೀನಿ?" ನಾಲಿಗೆ ಕಚ್ಚಿಕೊಂಡು ತೆಗೆದೆ.

ಮಾರ್ಚ್ 18, ಮಂಗಳವಾರ

ಒಂದು ಮೆಚ್ಚುಗೆ ಬರೆದೆ. ಸುಳ್ಳಲ್ಲ. ಹೋದ ವರ್ಷ ನಿವೃತ್ತ ಮೇಷ್ಟ್ರೊಬ್ಬರು ಇದೇ ಕೋಣೆಯಲ್ಲಿ ಕೂತು, "ಈ ಚಪ್ಪಲಿ ಹಾಕಿದ ಮೇಲೆ ಮಾರ್ಕೆಟ್ ತನಕ ನಡೆದು ಬರ್ತೀನಮ್ಮಾ" ಎಂದಿದ್ದರು. ಅವರಿಗೆ ಸ್ಮಾರ್ಟ್‌ಫೋನ್ ಇಲ್ಲ. ಅವರು ಹೇಳಿದ್ದನ್ನು ಅವರ ಪರವಾಗಿ ನಾನು ಬರೆದೆ. ಒಂದು ಖಾತೆ ತೆರೆದು, ದಾಸವಾಳದ ಫೋಟೊ ಹಾಕಿ, 'ನಿವೃತ್ತ ಮೇಷ್ಟ್ರು' ಎಂದೆ. ಗುಮಾಸ್ತರು ಮಾಡುವ ಕೆಲಸ, ಅದರಲ್ಲಿ ಏನು ತಪ್ಪು?

ಮಾರ್ಚ್ 21, ಶುಕ್ರವಾರ

ಹನ್ನೊಂದಾಯಿತು. ಎರಡನೆಯದರಿಂದ ಮುಂದೆ ಯಾರೂ ಹೇಳಿದ್ದಲ್ಲ. ಆದರೆ ಹೇಳಬಹುದಾಗಿತ್ತು. ಅವಳ ಚಪ್ಪಲಿ ಹಾಕಿದ ನೂರಾರು ಜನರಲ್ಲಿ ಯಾರೋ ಮನಸ್ಸಿನಲ್ಲಿ ಅಂದುಕೊಂಡಿರಲೇಬೇಕು. ಅರ್ಧ ಗಂಟೆಯಲ್ಲಿ ಹತ್ತು ಬರೆದೆ. ಬಸ್ ಡ್ರೈವರ್, ದಾದಿ, ಅಡುಗೆಯವರು, ಒಬ್ಬೊಬ್ಬರ ಮಾತು ಒಂದೊಂದು ಥರ. ನನ್ನಲ್ಲಿ ಇಂಥ ಕಲೆ ಇದೆಯೆಂದು ನನಗೇ ಗೊತ್ತಿರಲಿಲ್ಲ.

ಹನ್ನೊಂದನೆಯದು ಎಲ್ಲಕ್ಕಿಂತ ಚೆನ್ನಾಗಿದೆ. ಖಾತೆಯ ಹೆಸರು 'ಅಮ್ಮನ ಮಗಳು'. ಇಲ್ಲಿಯೂ ಬರೆದಿಡುತ್ತೇನೆ: 'ನಮ್ಮಮ್ಮನ ಪಾದದಡಿ ಆರು ತಿಂಗಳಿಂದ ಮಾಯದ ಗಾಯ. ಆಸ್ಪತ್ರೆಗೆ ಅಲೆದು ಅಲೆದು ಅಮ್ಮ ಆಸೆಯನ್ನೇ ಬಿಟ್ಟಿದ್ದರು. ಈ ಚಪ್ಪಲಿ ಹಾಕಿ ಮೂರು ವಾರಕ್ಕೆ ಗಾಯ ಪೂರ್ತಿ ಕೂಡಿಕೊಂಡಿತು. ನೆನ್ನೆ ಅಮ್ಮ ತಾವೇ ಬಾಗಿಲವರೆಗೆ ನಡೆದು ಬಂದು ನನ್ನನ್ನು ಕರೆದರು.' ಕೊನೆಯ ಸಾಲು ಬರೆದಾಗ ನನ್ನ ಕಣ್ಣಲ್ಲೇ ನೀರು ಬಂತು.

ಮಾರ್ಚ್ 28, ಶುಕ್ರವಾರ

ಆರ್ಡರ್ ಬರುತ್ತಿವೆ! ಈ ವಾರ ಏಳು. ದಿನಾ ಅಂಚೆಯವನು ಉದ್ದನೆಯ ಲಕೋಟೆ ಹಿಡಿದು ಬರುತ್ತಾನೆ. ಅವನಿಗೂ ಕುತೂಹಲ, ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಾನೆ. ಅವನ ಮೇಲೆ ಒಂದು ಕಣ್ಣಿಡಬೇಕು.

ಹೆಂಡತಿ ಫ್ಯಾಕ್ಟರಿಯ ಮಾತೆತ್ತುತ್ತಿಲ್ಲ. ಮೊಣಕಾಲ ಮೇಲೆ ಪಾದದ ಅಚ್ಚು ಇಟ್ಟುಕೊಂಡು ಏನೋ ಗುನುಗುತ್ತಾಳೆ. ಅದನ್ನು ಕೇಳಿ ಎಷ್ಟು ವರ್ಷವಾಗಿತ್ತು! ಮಧ್ಯಾಹ್ನ ಕೇಳಿದಳು, "ಕಂಡಿಲ್ಲ, ಕೇಳಿಲ್ಲ, ಇವರೆಲ್ಲ ನನ್ನನ್ನ ಹೆಂಗೆ ನಂಬಿದ್ರು?"

"ನಿನ್ನ ಕೈಗುಣ ಕಣೇ."

"ಕೈಗುಣ ಫೋನಲ್ಲಿ ಕಾಣತ್ತೇನ್ರೀ? ಅದಿರ್ಲಿ, ಗಾಯ ಬಾಯಿ ಬಿಟ್ಟುಕೊಂಡಿರೋ ಕಾಲಿಗೆ ನಾನು ಹೊಲಿಯೋದಿಲ್ಲ, ಮೊದಲು ಡಾಕ್ಟರ್ ಹತ್ರ ಹೋಗ್ಬೇಕು ಅಂತ ದಪ್ಪ ಅಕ್ಷರದಲ್ಲಿ ಹಾಕಿ. ಅದು ಗಾಯ ಬರದ ಹಾಗೆ ಕಾಯೋ ಚಪ್ಪಲಿ, ಮಾಯಿಸೋ ಮುಲಾಮಲ್ಲ."

ಹಾಕುತ್ತೇನೆ ಎಂದೆ. ಆದರೆ ಪೇಜಿನಲ್ಲಿ 'ಇಲ್ಲ' ಎಂಬ ಪದ ಒಂದು ಸಲ ಬಂದರೆ ಹತ್ತು ಗಿರಾಕಿ ಓಡುತ್ತಾರೆಂದು ಹಲ್ಲಪ್ಪ ಹೇಳಿದ್ದಾನೆ. ಸ್ವಲ್ಪ ದಿನ ಹೋಗಲಿ.

ಏಪ್ರಿಲ್ 4, ಶುಕ್ರವಾರ

ಒಂದು ವಿಚಿತ್ರ. 'ಅಮ್ಮನ ಮಗಳು' ಖಾತೆಗೆ ಮೆಸೇಜ್ ಬಂದಿದೆ. ಪೇಜಿಗಲ್ಲ, ಅವಳಿಗೆ.

'ಅಕ್ಕಾ, ನಿಮ್ಮ ಅಮ್ಮನ ಬಗ್ಗೆ ಬರೆದಿದ್ದು ಓದಿದೆ. ನಮ್ಮ ಅಮ್ಮನಿಗೂ ಅದೇ ಜಾಗದಲ್ಲಿ ಗಾಯ. ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗಿ ಡ್ರೆಸ್ಸಿಂಗ್ ಮಾಡಿಸಿ ಅಮ್ಮನಿಗೆ ಸಾಕಾಗಿದೆ. ಚಪ್ಪಲಿ ಹಾಕಿದ ಮೇಲೆ ನೀವು ಡ್ರೆಸ್ಸಿಂಗ್ ನಿಲ್ಲಿಸಿದ್ರಾ? ಒಂದು ಮಾತು ಹೇಳಿ ಅಕ್ಕಾ.'

ಯಾರಿದು? ಗುರುತಿಲ್ಲದವರನ್ನು ಯಾರಾದರೂ ಅಕ್ಕಾ ಎನ್ನುತ್ತಾರೆಯೇ? ಪ್ರಶ್ನೆ ಎಷ್ಟು ನೇರವಾಗಿದೆ ನೋಡಿ. ಹೌದು ಎಂದರೆ ಹಿಡಿದುಕೊಳ್ಳುತ್ತಾರೆ, ಇಲ್ಲ ಎಂದರೂ ಹಿಡಿದುಕೊಳ್ಳುತ್ತಾರೆ. ಇದು ಬಲೆ. ಉತ್ತರ ಕೊಡಲಿಲ್ಲ.

ಏಪ್ರಿಲ್ 9, ಬುಧವಾರ

ಐದು ದಿನದಲ್ಲಿ ಮತ್ತೆರಡು ಮೆಸೇಜ್. 'ಅಕ್ಕಾ, ತೊಂದರೆ ಕೊಡ್ತಿದ್ದೀನಿ ಅಂತ ಗೊತ್ತು.' 'ಅಕ್ಕಾ, ನಿಮಗೆ ಬಿಡುವಾದಾಗ ಹೇಳಿ, ಅಮ್ಮ ದಿನಾ ಕೇಳ್ತಾರೆ.'

ಮಾರ್ಕೆಟ್ಟಿನ ದೊಡ್ಡ ಚಪ್ಪಲಿ ಅಂಗಡಿಯ ಮೇಲೆ ನನಗೆ ಅನುಮಾನ. ಅವರ ಗಿರಾಕಿಗಳಲ್ಲಿ ಇಬ್ಬರು ನಮ್ಮ ಕಡೆ ಬಂದಿದ್ದಾರೆ. ಬೆಳಿಗ್ಗೆ ಏನೋ ಕೊಳ್ಳುವವನ ಹಾಗೆ ಹೋಗಿ ಅರ್ಧ ಗಂಟೆ ಶೂ ಹಾಕಿ ನೋಡುತ್ತಾ ಕೂತೆ. ಮಾಲೀಕ ಗಲ್ಲಾದಲ್ಲಿ ಕೂತು ಫೋನಿನಲ್ಲಿ ಏನೋ ಟೈಪ್ ಮಾಡುತ್ತಲೇ ಇದ್ದ. ನಾನು ಹತ್ತಿರ ಹೋದೊಡನೆ ಫೋನನ್ನು ಬೋರಲು ಹಾಕಿದ. ಇನ್ನೇನು ಸಾಕ್ಷಿ ಬೇಕು?

ಗಿಡದಮ್ಮನೂ ಇರಬಹುದು. ನಮ್ಮ ಲಕೋಟೆಗಳನ್ನು ನೋಡಿದಾಗಿನಿಂದ ಅವಳ ಮುಖ ಸರಿಯಿಲ್ಲ. ನೆನ್ನೆ ಮೆಟ್ಟಿಲಲ್ಲಿ ಸಿಕ್ಕಿ, "ಅಣ್ಣಾ, ಇಷ್ಟು ಬೇಗ ಹನ್ನೊಂದು ಜನ ಬರೆದ್ರಾ?" ಎಂದಳು. ಎಷ್ಟೆಂದು ಎಣಿಸಿಟ್ಟಿದ್ದಾಳೆ!

ಏಪ್ರಿಲ್ 12, ಶನಿವಾರ

ಕಳ್ಳರನ್ನು ಹಿಡಿಯುವುದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸುಮ್ಮನೆ ತಡೆದರೆ ವಾದ ಮಾಡುತ್ತಾರೆ, ಚೀಲ ಬಿಚ್ಚು ಎಂದರೆ ಬಣ್ಣ ಬಯಲಾಗುತ್ತದೆ. 'ಅಮ್ಮನ ಮಗಳು' ಆಗಿ ಒಂದೇ ಸಾಲು ಕಳಿಸಿದೆ: 'ಗಾಯದ ಫೋಟೊ ಕಳಿಸಿ.'

ನಾಲ್ಕೇ ನಿಮಿಷದಲ್ಲಿ ಫೋಟೊ ಬಂತು, ಜೊತೆಗೆ 'ಅಂತೂ ಉತ್ತರ ಕೊಟ್ರಲ್ಲ ಅಕ್ಕಾ, ಜೀವ ಬಂತು' ಎಂದು. ನೀಲಿ ಪಟ್ಟೆಯ ಹಾಸಿಗೆಯ ಮೇಲೆ ಒಂದು ಕಾಲು. ನೋಡಲು ಆಗುವುದಿಲ್ಲ. ಆದರೆ ನಾಲ್ಕು ನಿಮಿಷದಲ್ಲಿ ಯಾರು ಕಳಿಸುತ್ತಾರೆ? ಮೊದಲೇ ತೆಗೆದಿಟ್ಟುಕೊಂಡು ಕಾಯುತ್ತಿದ್ದವರು ಮಾತ್ರ. ಎಲ್ಲಿಂದ ಕದ್ದದ್ದೆಂದು ನೆಟ್‌ನಲ್ಲಿ ಹುಡುಕಿದೆ. ಎಲ್ಲೂ ಸಿಗಲಿಲ್ಲ. ಅಂದರೆ ಇದಕ್ಕೆಂದೇ ಹೊಸದಾಗಿ ತೆಗೆಸಿದ್ದಾರೆ. ಎಂಥ ಪಾಕಡಾಗಳು!

ಏಪ್ರಿಲ್ 14, ಸೋಮವಾರ

'ಅಕ್ಕಾ, ಫೋಟೊ ನೋಡಿಯೂ ನೀವು ಬೇಡ ಅನ್ನಲಿಲ್ಲ. ಅದಕ್ಕೇ ಡ್ರೆಸ್ಸಿಂಗಿಗೆ ಹೋಗೋದು ನಿಲ್ಲಿಸಿದ್ದೀವಿ. ಕಾಲಿನ ಗೆರೆ ಎಳೆದು ಅಂಚೆಗೆ ಹಾಕಿದ್ದೀನಿ. ಚಪ್ಪಲಿ ಬರೋದನ್ನೇ ಅಮ್ಮ ಕಾಯ್ತಿದ್ದಾರೆ.'

ಬಲೆಯನ್ನು ಬಿಗಿ ಮಾಡುತ್ತಿದ್ದಾರೆ. ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೇನೆ.

ಏಪ್ರಿಲ್ 17, ಗುರುವಾರ

ಬೆಳಿಗ್ಗೆ ಹೆಂಡತಿ ಮುಂದಿನ ಕೋಣೆಯಿಂದ ಕೂಗಿದಳು. ಮೇಜಿನ ಮೇಲೆ ಅಂಚೆಯಲ್ಲಿ ಬಂದ ಕಾಗದ ಹರಡಿತ್ತು. ಪೆನ್ಸಿಲ್ಲಿನ ಗೆರೆಯಲ್ಲಿ ಒಂದು ಹೆಂಗಸಿನ ಕಾಲು. ಹೆಬ್ಬೆರಳ ಬುಡದ ಹತ್ತಿರ ಅಂಗೈ ಅಗಲದ ಕಂದು ಕಲೆ, ಒಣಗಿ ಕಾಗದ ಮುದುಡಿತ್ತು.

"ಟೀ ಚೆಲ್ಲಿರ್ಬೇಕು ಕಣೇ," ಎಂದೆ.

ಅವಳು ಕಾಗದವನ್ನು ಮೂಗಿನ ಹತ್ತಿರ ತಂದಳು. "ಟೀ ಅಲ್ಲ. ಗಾಯ ಸೋರಿರೋದು. ಕೊಳೀತಾ ಇದೆ. ಇದನ್ನ ಇಟ್ಕೊಂಡು ಈ ಯಮ್ಮ ಚಪ್ಪಲಿಗೆ ಯಾಕೆ ಕಾಯ್ತಿದ್ದಾಳೆ?" ಎಂದವಳೇ ಕಾಗದದ ಮೂಲೆಯಲ್ಲಿದ್ದ ನಂಬರಿಗೆ ಫೋನ್ ಮಾಡಿದಳು.

ನೀಲಿ ಪಟ್ಟೆಯ ಹಾಸಿಗೆ ಇರುವ ಮನೆಯೊಂದು ನಿಜವಾಗಿ ಇದೆ. ಅಲ್ಲಿ ಆ ಕಾಲು ಇದೆ. ನಾನು ಅದನ್ನು ಐದು ದಿನದ ಹಿಂದೆಯೇ ನೋಡಿದ್ದೇನೆ.

ಫೋನಿನಲ್ಲಿ ಹೆಂಡತಿಯ ಮಾತು ಮಾತ್ರ ಕೇಳುತ್ತಿತ್ತು. "ಯಾರು ಹೇಳಿದ್ರಮ್ಮಾ ಡ್ರೆಸ್ಸಿಂಗ್ ನಿಲ್ಲಿಸಿ ಅಂತ? ಯಾವ ಅಮ್ಮನ ಮಗಳು? ಇರ್ಲಿ, ಅದನ್ನ ಆಮೇಲೆ ನೋಡೋಣ. ಈಗ್ಲೇ ಹೊರಡಿ. ನಾಳೆ ಅಲ್ಲ, ಈಗ. ಆಟೋ ಕರೀರಿ, ನಾನು ಫೋನ್ ಇಡೋದಿಲ್ಲ." ಆಟೋ ಬರುವವರೆಗೂ ಅವಳು ಫೋನ್ ಇಡಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿ, "ನನ್ನ ಚಪ್ಪಲಿ ಹಾಕಿ ಗಾಯ ಮಾಯ್ತು ಅಂತ ಒಬ್ಬಳು ಬರೆದಿದ್ದಾಳಂತೆ. ಯಾರ್ರೀ ಅವಳು? ಅವಳಮ್ಮ ಯಾವಾಗ ಬಂದಿದ್ರು ನನ್ನ ಹತ್ರ?" ಎಂದಳು.

"ಎಷ್ಟೋ ಜನ ಬರ್ತಾರೆ. ನಿನಗೇ ಮರೆತಿರ್ಬೇಕು," ಎಂದೆ.

ಹಾಗೆಂದೆ.

ಏಪ್ರಿಲ್ 18, ಶುಕ್ರವಾರ

ಹೆಂಡತಿ ಅಟ್ಟದಿಂದ ಹಳೆಯ ಕಾಗದಗಳ ಕಟ್ಟು ಇಳಿಸಿದ್ದಾಳೆ. ಹದಿನಾರು ವರ್ಷದಲ್ಲಿ ಅವಳು ಗೆರೆ ಎಳೆದ ಕಾಲುಗಳೆಲ್ಲ ಅದರಲ್ಲಿವೆ. ಒಂದೊಂದನ್ನೇ ತಿರುವಿ, 'ಅಮ್ಮನ ಮಗಳು' ಬರೆದ ಆ ಅಮ್ಮನ ಕಾಲನ್ನು ಹುಡುಕುತ್ತಿದ್ದಾಳೆ. ಬೆಳಿಗ್ಗೆಯಿಂದ ಊಟಕ್ಕೂ ಏಳಲಿಲ್ಲ.

ಏಪ್ರಿಲ್ 19, ಶನಿವಾರ

ಇವತ್ತೂ ಹುಡುಕಿದಳು. ಮಧ್ಯಾಹ್ನ ಕಾಗದಗಳ ನಡುವೆ ಕೂತು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

"ನಾನು ಮುಖ ಮರೀತೀನಿ ಕಣ್ರೀ, ಕಾಲು ಮರೆಯೋದಿಲ್ಲ. ಇದೊಂದು ಕಾಲು ಹೆಂಗೆ ಮರೆತೆ? ಬಾಯಿ ಬಿಟ್ಟ ಗಾಯಕ್ಕೆ ನಾನು ಚಪ್ಪಲಿ ಕೊಟ್ಟೆನಾ? ಕೊಟ್ಟಿದ್ರೆ ನನ್ನ ಬುದ್ಧಿ ಎಲ್ಲಿತ್ತು? ನನಗೆ ವಯಸ್ಸಾಯ್ತು, ಈ ಕೆಲಸ ಇನ್ನು ಮಾಡಬಾರದು."

ನನ್ನ ಕೈಲಿ ತಡೆಯಲಾಗಲಿಲ್ಲ. "ಅಂಥ ಅಮ್ಮ ಯಾರೂ ಇಲ್ಲ," ಎಂದೆ. "ನಾನೇ ಬರೆದದ್ದು."

ಅವಳು ಕೈಲಿದ್ದ ಕಾಗದವನ್ನು ಕೆಳಗಿಟ್ಟಳು. "ಹನ್ನೊಂದೂನಾ?"

"ಮೇಷ್ಟ್ರ ಮಾತು ಅವರದ್ದೇ. ಉಳಿದದ್ದು ನಾನು."

"ಆ ಹುಡುಗಿ ಮೆಸೇಜ್ ಕಳಿಸ್ದೆ, ಕಳಿಸ್ದೆ ಅಂತ ಅಳ್ತಿದ್ಳಲ್ಲ ಫೋನಲ್ಲಿ, ಅದು?"

"ನನಗೇ ಬರ್ತಿತ್ತು. ಯಾರೋ ನಾಟಕ ಆಡ್ತಿದ್ದಾರೆ ಅಂದ್ಕೊಂಡೆ."

ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಕಾಗದಗಳನ್ನೆಲ್ಲ ಮಡಚಿ ಕಟ್ಟಿ, ಸ್ಟೂಲ್ ಹಿಡಿದುಕೊಳ್ಳಿ ಎಂದಳು, ಅಟ್ಟಕ್ಕೆ ಏರಿಸಿದಳು. ಸಂಜೆಯವರೆಗೆ ಮಾತಿಲ್ಲ. ನನ್ನ ಬದುಕಿನಲ್ಲಿ ಇಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಏಪ್ರಿಲ್ 22, ಮಂಗಳವಾರ

ಗಿಡದಮ್ಮನ ಮನೆಗೆ ಹೋದೆ. ಎಲ್ಲವನ್ನೂ ಹೇಳಿ, ಹನ್ನೊಂದನ್ನೂ ಅಳಿಸುವುದು ಹೇಗೆಂದು ಕೇಳಿದೆ.

ಅವಳು ಕೈಯ ಮಣ್ಣು ತೊಳೆದುಕೊಂಡು ಬಂದು ಕೂತಳು. "ಅಳಿಸೋದು ಸುಲಭ ಅಣ್ಣಾ. ಆದ್ರೆ ಓದಿ ನಂಬಿದವರಿಗೆ ಅಳಿಸಿದ್ದು ಹೆಂಗೆ ಗೊತ್ತಾಗ್ಬೇಕು? ಯಾಕೆ ಅಳಿಸಿದ್ರಿ ಅಂತ ಬರೀರಿ. ಯಾರ್ಯಾರಿಗೆ ಚಪ್ಪಲಿ ಹೋಗಿದೆಯೋ ಅವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ, ಗಾಯ ಇದೆಯಾ ಅಂತ ಕೇಳಿ. ಇದ್ರೆ ಡಾಕ್ಟರ್ ಹತ್ರ ಕಳಿಸಿ."

"ಮೊದಲೇ ಗೊತ್ತಾಗಿತ್ತಾ ನಿನಗೆ?"

"ಹನ್ನೊಂದರಲ್ಲಿ ಒಬ್ಬರಾದ್ರೂ ಪಟ್ಟಿ ಬಿಗಿ, ತಡವಾಗಿ ಬಂತು, ಬಣ್ಣ ಬೇರೆ ಅಂತ ಏನೋ ಒಂದು ಗೊಣಗ್ತಾರೆ ಅಣ್ಣಾ. ನಿಮ್ಮವರಲ್ಲಿ ಒಬ್ಬರೂ ಗೊಣಗಿರ್ಲಿಲ್ಲ."

ಹತ್ತು ಸುಳ್ಳು ಬರೆಯಲು ಅರ್ಧ ಗಂಟೆ ಸಾಕಾಗಿತ್ತು. ಈ ಆರು ಸಾಲು ಬರೆಯಲು ಮಧ್ಯಾಹ್ನವೆಲ್ಲ ಬೇಕಾಯಿತು: 'ಈ ಪೇಜಿನಲ್ಲಿದ್ದ ಹನ್ನೊಂದು ಮೆಚ್ಚುಗೆಗಳನ್ನು ಬರೆದವನು ನಾನು, ಚಪ್ಪಲಿ ಮಾಡುವವರ ಗಂಡ. ಅವರಿಗೆ ಇದು ಗೊತ್ತಿರಲಿಲ್ಲ. ನಮ್ಮ ಚಪ್ಪಲಿಯಿಂದ ಗಾಯ ಮಾಯುವುದಿಲ್ಲ. ಗಾಯವಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ, ಅವರು ಒಪ್ಪಿದ ಮೇಲೆ ಬನ್ನಿ. ನಾನು ಬರೆದದ್ದನ್ನು ನಂಬಿ ಚಿಕಿತ್ಸೆ ನಿಲ್ಲಿಸಿದವರು ಇದ್ದರೆ ಇವತ್ತೇ ಮತ್ತೆ ಶುರು ಮಾಡಿ. ತಪ್ಪಾಯಿತು.'

ಹದಿನೇಳು ಮನೆಗೆ ಫೋನ್ ಮಾಡಿದೆ. ಇಬ್ಬರಿಗೆ ಸಣ್ಣ ಗಾಯವಿತ್ತು, ನಾಳೆಯೇ ಹೋಗುತ್ತೇವೆಂದರು. ಒಬ್ಬರು ನನ್ನ ವಂಶವನ್ನೆಲ್ಲ ಜಾಲಾಡಿದರು. ಬಾಕಿ ಇದ್ದ ಆರ್ಡರುಗಳಲ್ಲಿ ಎರಡು ಉಳಿದಿವೆ. ಹಲ್ಲಪ್ಪ ನನ್ನನ್ನು ತನ್ನ ಗುಂಪಿನಿಂದ ಹೊರಗೆ ಹಾಕಿದ್ದಾನೆ.

ಏಪ್ರಿಲ್ 26, ಶನಿವಾರ

ಕಲೆಯ ಕಾಗದ ಕಳಿಸಿದ ಅಮ್ಮ ಇರುವ ಆಸ್ಪತ್ರೆಗೆ ಎರಡು ಬಸ್ ಬದಲಿಸಿ ಹೋದೆ. ಹೆಂಡತಿ ಬರುತ್ತೇನೆಂದಳು, ಬೇಡ ಎಂದೆ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಒಬ್ಬ ಹೆಣ್ಣುಮಗಳು ಕೂತಿದ್ದಳು. ಮೂವತ್ತು ವರ್ಷವಿರಬಹುದು. ಚಪ್ಪಲಿ ಮಾಡುವವರ ಮನೆಯವನು ಎಂದೆ. ಎದ್ದು ನಿಂತು ಕೈಮುಗಿದಳು. ಪೇಜಿನಲ್ಲಿ ನಾನು ತಪ್ಪೊಪ್ಪಿಕೊಂಡು ಬರೆದ ಆರು ಸಾಲನ್ನು ಅವಳು ಇನ್ನೂ ನೋಡಿರಲಿಲ್ಲ.

"ಸೋಮವಾರ ಎರಡು ಬೆರಳು ತೆಗೆದ್ರು," ಎಂದಳು. "ಇನ್ನು ನಾಲ್ಕು ದಿನ ತಡ ಆಗಿದ್ರೆ ಪಾದಾನೇ ಹೋಗ್ತಿತ್ತಂತೆ. ನಿಮ್ಮ ಮನೆಯವರು ಅವತ್ತು ಫೋನ್ ಇಡದೇ ಇದ್ದಿದ್ದಕ್ಕೆ ಉಳೀತು."

ಡ್ರೆಸ್ಸಿಂಗ್ ನಿಲ್ಲಿಸದೇ ಇದ್ದಿದ್ದರೆ ಎಂದು ಕೇಳಬೇಕಾಗಿರಲಿಲ್ಲ. ಉತ್ತರ ನನಗೆ ಗೊತ್ತಿತ್ತು.

"ನನಗೆ ಇನ್ನೊಂದು ಯೋಚನೆ ಅಣ್ಣಾ," ಎಂದಳು. "ನಿಮ್ಮ ಪೇಜಲ್ಲಿ ಬರೆದಿದ್ದ ಆ ಅಕ್ಕ ಒಂದೇ ಒಂದು ಸಲ ಉತ್ತರ ಕೊಟ್ಟು ಆಮೇಲೆ ಮಾತೇ ಇಲ್ಲ. ಅವರಮ್ಮನಿಗೂ ಗಾಯ ತಿರುಗಿ ಬಂತೇನೋ ಅಂತ ಭಯ ಆಗ್ತಿದೆ. ನಿಮಗೆ ಅವರ ಗುರುತಿದ್ರೆ ಒಂದು ಸಲ ಫೋನ್ ಮಾಡಿ ಹೇಳ್ತೀರಾ? ಡ್ರೆಸ್ಸಿಂಗ್ ಬಿಡ್ಬೇಡಿ ಅಂತ."

"ಅಂಥ ಅಕ್ಕ ಯಾರೂ ಇಲ್ಲಮ್ಮಾ. ಅದನ್ನ ಬರೆದಿದ್ದು ನಾನು."

ಅವಳಿಗೆ ಅರ್ಥವಾಗಲಿಲ್ಲ. "ಹಾಗಾದ್ರೆ ನಾನು ಮೆಸೇಜ್ ಕಳಿಸಿದ್ದು ಯಾರಿಗೆ?"

"ನನಗೆ."

"ನೀವು ಓದಿದ್ರಾ?"

"ಓದಿದೆ."

"ಎಲ್ಲಾನೂ?"

"ಎಲ್ಲಾನೂ."

"ಫೋಟೊ?"

"ನೋಡಿದೆ ಅಮ್ಮಾ. ಸುಳ್ಳು ಅಂದ್ಕೊಂಡೆ."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಆ ಬೆಂಚಿನ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಆಯಾ ಬಂದು ಭೇಟಿಯ ಸಮಯ ಮುಗಿಯಿತೆಂದಳು. ಎದ್ದು ಬಂದೆ.

ಮೇ 9, ಶುಕ್ರವಾರ

ಹೆಂಡತಿ ಈಗ ಮಾತಾಡುತ್ತಾಳೆ, ಬೇಕಾದಷ್ಟು ಮಾತ್ರ. ಪೇಜಿಗೆ ಬರುವ ಮೆಸೇಜನ್ನೆಲ್ಲ ಜೋರಾಗಿ ಓದಿ ಹೇಳಬೇಕೆಂದು ಅಪ್ಪಣೆಯಾಗಿದೆ. ಅವಳು ಹೇಳಿದ ಉತ್ತರವನ್ನೇ ಬರೆಯುತ್ತೇನೆ. ಫ್ಯಾಕ್ಟರಿಯಿಂದ ಅರ್ಜಿ ತರಿಸಿ ಮೇಜಿನ ಮೇಲೆ ಇಟ್ಟುಕೊಂಡಿದ್ದಾಳೆ. ಇನ್ನೂ ತುಂಬಿಲ್ಲ.

ಬೆಳಿಗ್ಗೆ ಒಬ್ಬ ಫೋನ್ ಮಾಡಿ, ತಂದೆಯ ಹಿಮ್ಮಡಿ ಕಪ್ಪಾಗಿದೆ, ಯಾವ ಚಪ್ಪಲಿ ಒಳ್ಳೆಯದು ಎಂದ. ಚಪ್ಪಲಿ ಆಮೇಲಾಗಲಿ, ಮೊದಲು ಆಸ್ಪತ್ರೆಗೆ ಹೊರಡಿ ಎಂದೆ. ಹೋಗಿ ತಲುಪಿದ ಮೇಲೆ ಮತ್ತೆ ಫೋನ್ ಮಾಡಿದ. ಒಳ್ಳೆಯ ಮನುಷ್ಯ, ಧ್ವನಿಯಲ್ಲೇ ಗೊತ್ತಾಗುತ್ತದೆ.

ಮೇ 30, ಶುಕ್ರವಾರ

ಬೆರಳು ತೆಗೆಸಿಕೊಂಡ ಆ ಅಮ್ಮ ಬಂದಿದ್ದರು. ಗಾಯ ಪೂರ್ತಿ ಕೂಡಿದೆ, ಚಪ್ಪಲಿ ಹೊಲಿಸಬಹುದೆಂದು ಡಾಕ್ಟರು ಚೀಟಿ ಕೊಟ್ಟಿದ್ದಾರೆ. ಮಗಳು ಆಟೋದಿಂದ ಅವರನ್ನು ಇಳಿಸಿ, ಬಾಗಿಲವರೆಗೆ ಕರೆತಂದು, ತಾನು ಹೊರಗೇ ನಿಂತಳು. ಹೆಂಡತಿ ಎರಡು ಸಲ ಕರೆದರೂ ಒಳಗೆ ಬರಲಿಲ್ಲ. ನಾನು ಕರೆಯಲಿಲ್ಲ, ನನಗೆ ಆ ಬಾಯಿ ಇಲ್ಲ.

ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಹೆಂಡತಿ ನೆಲದಲ್ಲಿ ಕೂತು ಅವರ ಪಾದವನ್ನು ಕಾಗದದ ಮೇಲೆ ಇಟ್ಟಳು. ಕಾಗದ ಸರಿಯದಂತೆ ಹಿಡಿದುಕೊಳ್ಳಿ ಎಂದಳು ನನಗೆ. ಹಿಡಿದೆ. ಮೂರು ಬೆರಳಿನ ಆ ಪಾದ ನನ್ನ ಎರಡು ಕೈಗಳ ನಡುವೆ ಇತ್ತು.

"ನೀನೇ ಅಲ್ವೇನಪ್ಪಾ ಬರೆದವನು?" ಎಂದರು ಅಮ್ಮ, ತಲೆಯ ಮೇಲಿಂದ.

"ಹೌದಮ್ಮಾ, ನಾನೇ. ನನ್ನದು ದೊಡ್ಡ ತಪ್ಪು."

"ಮಗಳು ದಿನಾ ಓದಿ ಹೇಳೋಳು. ಬಾಗಿಲ ತನಕ ನಡೆದು ಬಂದ್ಳು ಅನ್ನೋದನ್ನ ಎರಡೆರಡು ಸಲ ಓದಿಸ್ಕೋತಿದ್ದೆ. ನನ್ನ ಥರಾನೇ ಇನ್ನೊಬ್ಬಳು ಇದ್ದಾಳಲ್ಲ, ಅವಳಿಗೆ ವಾಸಿಯಾಯ್ತಲ್ಲ, ನನಗೂ ಆಗತ್ತೆ ಅಂತ. ಆಸ್ಪತ್ರೆಯಲ್ಲಿ ಬೆರಳು ತೆಗೆದ ದಿನಾನೂ ಅವಳನ್ನೇ ನೆನೆಸ್ಕೊಂಡೆ."

ಹೆಂಡತಿ ಗೆರೆ ಎಳೆಯುತ್ತಾ ಹಿಮ್ಮಡಿಯ ಹತ್ತಿರ ಬಂದಿದ್ದಳು.

"ಅವಳು ಇಲ್ಲದೇ ಇದ್ದದ್ದೇ ಒಳ್ಳೇದಾಯ್ತು ಬಿಡಪ್ಪಾ," ಎಂದರು ಅಮ್ಮ. "ಇದ್ದಿದ್ರೆ, ನಿನ್ನ ಮಾತು ಕೇಳಿ ಅವಳ ಬೆರಳೂ ಹೋಗಿರೋದು."

ಹೆಂಡತಿಯ ಪೆನ್ಸಿಲ್ ನಿಂತಿತು. ಸರಿಯಾಗಿ ಹಿಡಿದುಕೊಳ್ಳಿ ಎಂದಳು. ನಾನು ಹಿಡಿದುಕೊಂಡೇ ಇದ್ದೆ.